ಕಕ್ಷೆ ತಪ್ಪಿದ ಚಂದ್ರ: ‘ಸ್ಪೇಸ್: 1999’ ದೂರದರ್ಶನ ಧಾರಾವಾಹಿಯ ಮರುಪರಿಶೀಲನೆ

1. ಪೀಠಿಕೆ

ಕಲೆಯ ಚರಿತ್ರೆಯಲ್ಲಿ ಎರಡು ಬಗೆಯ ಕೃತಿಗಳಿಗೆ ಸ್ಥಾನ ಸುಲಭವಾಗಿ ಲಭಿಸುತ್ತದೆ. ಎಲ್ಲರೂ ಮೆಚ್ಚಿದ ಕೃತಿ ಪಠ್ಯವಾಗುತ್ತದೆ. ಎಲ್ಲರೂ ತಿರಸ್ಕರಿಸಿದ ಕೃತಿ ಉದಾಹರಣೆಯಾಗುತ್ತದೆ. ಇವೆರಡರ ನಡುವೆ ಉಳಿಯುವ ಏರುಪೇರಿನ ಕೃತಿಗಳ ಗತಿ ಬೇರೆ. ಒಂದು ಭಾಗದಲ್ಲಿ ಎತ್ತರಕ್ಕೇರಿ ಮತ್ತೊಂದು ಭಾಗದಲ್ಲಿ ಕುಸಿಯುವ ಇಂತಹ ಕೃತಿಗಳನ್ನು ವಿಮರ್ಶೆ ಸಾಮಾನ್ಯವಾಗಿ ಸರಾಸರಿ ಲೆಕ್ಕ ಹಾಕಿ ಬದಿಗಿಡುತ್ತದೆ. ಜನಪ್ರಿಯ ಮಾಧ್ಯಮಗಳ ಸಂದರ್ಭದಲ್ಲಿ ಈ ಪ್ರವೃತ್ತಿ ಇನ್ನೂ ಪ್ರಬಲ. ಹತ್ತಾರು ಲೇಖಕರು, ನಿರ್ದೇಶಕರು ಸೇರಿ ವರ್ಷಗಟ್ಟಲೆ ರೂಪಿಸುವ ದೂರದರ್ಶನ ಧಾರಾವಾಹಿಯನ್ನು ಒಬ್ಬ ಕರ್ತೃವಿನ ಏಕಾಕೃತಿಯೆಂಬಂತೆ ಓದಿ, ಅದರಲ್ಲಿ ಏಕತೆ ಇಲ್ಲವೆಂದು ದೂರುವುದು ರೂಢಿಯಾಗಿದೆ.

ಬ್ರಿಟನ್ನಿನಲ್ಲಿ ತಯಾರಾಗಿ 1975ರಿಂದ 1977ರವರೆಗೆ ಮೊದಲ ಬಾರಿಗೆ ಪ್ರಸಾರವಾದ ‘ಸ್ಪೇಸ್: 1999’ ಇಂತಹ ಕೃತಿಗಳ ಸಾಲಿಗೆ ಸೇರಿದುದು. ಎರಡು ವರ್ಷಗಳಿಗೆ ಇಪ್ಪತ್ತನಾಲ್ಕರಂತೆ ಒಟ್ಟು 48 ಕಂತುಗಳ ಈ ಧಾರಾವಾಹಿ ತನ್ನ ಕಾಲದಲ್ಲಿ ಅನೇಕ ದೇಶಗಳಲ್ಲಿ ಪ್ರದರ್ಶನಗೊಂಡಿತ್ತು. ಇಂದು ವೈಜ್ಞಾನಿಕ ಕಥಾಪ್ರಕಾರದ ಚರಿತ್ರೆಗಳಲ್ಲಿ ಅದು ‘ಸ್ಟಾರ್ ಟ್ರೆಕ್’ ಮತ್ತು ‘ಸ್ಟಾರ್ ವಾರ್ಸ್’ಗಳ ನಡುವಿನ ಒಂದು ಅಡಿಟಿಪ್ಪಣಿಯಂತೆ ಉಳಿದುಕೊಂಡಿದೆ. ಅದರ ಬಗೆಗಿನ ಚರ್ಚೆ ಬಹುಮಟ್ಟಿಗೆ ಎರಡು ಆಕ್ಷೇಪಗಳ ಸುತ್ತ ಸುತ್ತುತ್ತದೆ: ಒಂದು, ಅದರ ವಿಜ್ಞಾನ ಅಸಂಬದ್ಧ, ಎರಡು, ಅದರ ಎರಡನೆಯ ವರ್ಷ ಮೊದಲನೆಯದನ್ನು ಹಾಳುಮಾಡಿತು. ಎರಡೂ ಆಕ್ಷೇಪಗಳಲ್ಲಿ ಸತ್ಯವಿದೆ. ಆದರೆ ಅವೆರಡೂ ಸೇರಿ ಕೃತಿಯ ಮುಖ್ಯ ಪ್ರಶ್ನೆಯನ್ನು ಮರೆಮಾಡಿವೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಾನು ಉಂಟುಮಾಡಿದ ಅನರ್ಥದ ಎದುರು ತನ್ನ ಅರಿವಿನ ಮಿತಿಯನ್ನು ಮನುಷ್ಯ ಹೇಗೆ ಎದುರಿಸಬೇಕು ಎಂಬುದೇ ಆ ಪ್ರಶ್ನೆ.

2. ನಿರ್ಮಾಣದ ಹಿನ್ನೆಲೆ

ಈ ಧಾರಾವಾಹಿಯ ಮೂಲಪುರುಷರು ಗೆರಿ ಆಂಡರ್ಸನ್ ಮತ್ತು ಸಿಲ್ವಿಯಾ ಆಂಡರ್ಸನ್ ದಂಪತಿ. 1960ರ ದಶಕದಲ್ಲಿ ‘ಥಂಡರ್‌ಬರ್ಡ್ಸ್’ ಮೊದಲಾದ ಗೊಂಬೆಯಾಟದ ಧಾರಾವಾಹಿಗಳಿಂದ ಹೆಸರಾದ ಅವರು 1970ರಲ್ಲಿ ಪ್ರಸಾರವಾದ ‘ಯುಎಫ್ಓ’ ಮೂಲಕ ಸಜೀವ ನಟರ ಧಾರಾವಾಹಿಗೆ ಹೊರಳಿದರು. ಅದರ ಮುಂದುವರಿಕೆಗಾಗಿ ಚಂದ್ರನ ಮೇಲಿನ ದೊಡ್ಡ ನೆಲೆಯೊಂದನ್ನು ಕಲ್ಪಿಸಿಕೊಳ್ಳಲಾಗಿತ್ತು. ಆ ಯೋಜನೆ ಕೈಬಿಟ್ಟುಹೋದಾಗ ಉಳಿದ ಸಾಮಗ್ರಿಯೇ ‘ಸ್ಪೇಸ್: 1999’ಕ್ಕೆ ಬೀಜವಾಯಿತು. ಲ್ಯೂ ಗ್ರೇಡ್ ಅವರ ಐಟಿಸಿ ಸಂಸ್ಥೆ ಬಂಡವಾಳ ಹೂಡಿತು. ಮೊದಲ ವರ್ಷದ ಕಂತುಗಳಿಗೆ ಇಟಲಿಯ ಪ್ರಸಾರ ಸಂಸ್ಥೆ ರಾಯ್ ಸಹಭಾಗಿಯಾಯಿತು. ಚಿತ್ರೀಕರಣ 1973ರ ಕೊನೆಯಲ್ಲಿ ಪ್ರಾರಂಭವಾಯಿತು.

ಈ ಕಾಲಸಂದರ್ಭ ಗಮನಾರ್ಹವಾದುದು. 1972ರ ಡಿಸೆಂಬರಿನಲ್ಲಿ ಅಪೊಲೊ 17ರೊಂದಿಗೆ ಮಾನವನ ಚಂದ್ರಯಾತ್ರೆಗಳ ಮೊದಲ ಯುಗ ಮುಗಿದಿತ್ತು. 1973ರ ಅಕ್ಟೋಬರಿನಲ್ಲಿ ತೈಲ ಬಿಕ್ಕಟ್ಟು ಆರಂಭವಾಗಿ, 1974ರ ಮೊದಲ ತಿಂಗಳುಗಳಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತು ದೊರೆಯುವ ಸ್ಥಿತಿ ಬಂದಿತ್ತು. ಪರಮಾಣು ವಿದ್ಯುತ್ತಿನ ತ್ಯಾಜ್ಯವನ್ನು ಎಲ್ಲಿಡಬೇಕೆಂಬುದು ಸಾರ್ವಜನಿಕ ಪ್ರಶ್ನೆಯಾಗತೊಡಗಿತ್ತು. ಅದನ್ನು ಬಾಹ್ಯಾಕಾಶಕ್ಕೆ ಸಾಗಿಸುವ ಸಾಧ್ಯತೆಯನ್ನು ಅಮೆರಿಕದ ನಾಸಾ ಸಂಸ್ಥೆಯೂ ಆ ದಶಕದಲ್ಲಿ ಅಧ್ಯಯನ ಮಾಡಿತ್ತು. ಹೀಗೆ ಚಂದ್ರನನ್ನು ಕುರಿತ ಉತ್ಸಾಹ ಇಳಿದು, ಶಕ್ತಿಯನ್ನು ಕುರಿತ ಭೀತಿ ಏರುತ್ತಿದ್ದ ಗಳಿಗೆಯಲ್ಲಿ ಈ ಕಥೆ ಹುಟ್ಟಿತು.

ಕಥಾವಸ್ತು ಸರಳವಾದುದು. ಭೂಮಿಯ ಪರಮಾಣು ತ್ಯಾಜ್ಯವನ್ನು ಚಂದ್ರನ ಆಚೆ ಬದಿಯಲ್ಲಿ ಹೂಳಲಾಗಿರುತ್ತದೆ. 1999ರ ಸೆಪ್ಟೆಂಬರ್ 13ರಂದು ಆ ರಾಶಿ ಸ್ಫೋಟಗೊಂಡು ಚಂದ್ರನೇ ಕಕ್ಷೆಯಿಂದ ಹೊರಗೆ ಎಸೆಯಲ್ಪಡುತ್ತದೆ. ಅಲ್ಲಿನ ‘ಆಲ್ಫಾ’ ನೆಲೆಯ 311 ಮಂದಿ ಹಿಂದಿರುಗುವ ದಾರಿಯಿಲ್ಲದೆ, ಹೋಗುವ ದಿಕ್ಕನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವೂ ಇಲ್ಲದೆ ಅಂತರಿಕ್ಷದಲ್ಲಿ ತೇಲುತ್ತಾರೆ. ನೆಲೆಯ ಮುಖ್ಯಸ್ಥ ಜಾನ್ ಕೋನಿಗ್ ಆಗಿ ಮಾರ್ಟಿನ್ ಲ್ಯಾಂಡೊ, ವೈದ್ಯೆ ಹೆಲೆನಾ ರಸೆಲ್ ಆಗಿ ಬಾರ್ಬರಾ ಬೇನ್, ವಿಜ್ಞಾನಿ ವಿಕ್ಟರ್ ಬರ್ಗ್‌ಮನ್ ಆಗಿ ಬ್ಯಾರಿ ಮೋರ್ಸ್ ಅಭಿನಯಿಸಿದರು.

ತಾಂತ್ರಿಕ ವಿಭಾಗದ ಸಾಧನೆಯ ಬಗ್ಗೆ ವಿವಾದವಿಲ್ಲ. ವಿಶೇಷ ದೃಶ್ಯಗಳನ್ನು ರೂಪಿಸಿದ ಬ್ರಯನ್ ಜಾನ್ಸನ್ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ದುಡಿದಿದ್ದವರು, ಮುಂದೆ ‘ಏಲಿಯನ್’ (1979) ಮತ್ತು ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ (1980) ಚಿತ್ರಗಳಲ್ಲಿಯೂ ಕೆಲಸ ಮಾಡಿದರು. ಒಂದೇ ಮೂಲ ಋಣಪ್ರತಿಯ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸಿ, ಪ್ರತಿಯಿಂದ ಪ್ರತಿಗೆ ಚಿತ್ರ ಮಸುಕಾಗದಂತೆ ನೋಡಿಕೊಂಡ ಅವರ ವಿಧಾನದಿಂದಾಗಿ ‘ಈಗಲ್’ ನೌಕೆಯ ದೃಶ್ಯಗಳು ಐದು ದಶಕಗಳ ನಂತರವೂ ನಂಬಿಕೆ ಹುಟ್ಟಿಸುತ್ತವೆ. ಕೀತ್ ವಿಲ್ಸನ್ ಅವರ ಬಿಳಿಯ, ವಿಶಾಲವಾದ ರಂಗಸಜ್ಜಿಕೆ ಮತ್ತು ಬ್ಯಾರಿ ಗ್ರೇ ಅವರ ಸಂಗೀತ ಮೊದಲ ವರ್ಷದ ಕಂತುಗಳಿಗೆ ಒಂದು ಬಗೆಯ ಗಂಭೀರ ಏಕಾಂತವನ್ನು ಒದಗಿಸಿದವು.

3. ವಿಜ್ಞಾನದ ಲೆಕ್ಕ ಮತ್ತು ಕಥೆಯ ಲೆಕ್ಕ

ಧಾರಾವಾಹಿಯ ವೈಜ್ಞಾನಿಕ ದೋಷವನ್ನು ಖ್ಯಾತ ಲೇಖಕ ಐಸಾಕ್ ಅಸಿಮೋವ್ 1975ರಲ್ಲಿಯೇ ಎತ್ತಿ ತೋರಿಸಿದ್ದರು. ಅವರ ಆಕ್ಷೇಪದ ತೂಕವನ್ನು ಅರಿಯಲು ಒಂದು ಸ್ಥೂಲ ಲೆಕ್ಕ ಸಾಕು. ಚಂದ್ರನ ದ್ರವ್ಯರಾಶಿ ಏಳು ಲಕ್ಷ ಕೋಟಿ ಕೋಟಿ ಟನ್ನಿಗೂ ಮಿಗಿಲು. ಅದು ಭೂಮಿಯನ್ನು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ. ಭೂಮಿಯ ಗುರುತ್ವದಿಂದ ಅದನ್ನು ಬಿಡಿಸಬೇಕಾದರೆ ಆ ವೇಗವನ್ನು ಸುಮಾರು 1.4 ಕಿಲೋಮೀಟರಿಗೆ ಏರಿಸಬೇಕು. ಇದಕ್ಕೆ ಬೇಕಾಗುವ ಶಕ್ತಿ, 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ 50 ಮೆಗಾಟನ್ ಬಾಂಬಿನಂತಹ ಸುಮಾರು 18 ಸಾವಿರ ಕೋಟಿ ಬಾಂಬುಗಳ ಶಕ್ತಿಗೆ ಸಮ. ಅಷ್ಟನ್ನೂ ಒಂದೆಡೆ ಸಿಡಿಸಿದರೆ ಚಂದ್ರ ಕದಲುವ ಮೊದಲೇ ಛಿದ್ರವಾಗುತ್ತದೆ. ಒಂದು ವೇಳೆ ಕದಲಿದರೂ ಸೂರ್ಯನ ಗುರುತ್ವವನ್ನು ಮೀರುವ ಕೆಲಸ ಬಾಕಿ ಉಳಿಯುತ್ತದೆ. ಅದನ್ನೂ ಮೀರಿ, ಸೆಕೆಂಡಿಗೆ 17 ಕಿಲೋಮೀಟರ್ ಸಾಗುತ್ತಿರುವ ವಾಯೇಜರ್ 1 ನೌಕೆಯ ವೇಗವನ್ನೇ ಪಡೆದರೂ, ಸೂರ್ಯನಿಗೆ ಅತಿ ಸಮೀಪದ, 4.24 ಜ್ಯೋತಿರ್ವರ್ಷ ದೂರದ ನಕ್ಷತ್ರವನ್ನು ಮುಟ್ಟಲು ಸುಮಾರು 75 ಸಾವಿರ ವರ್ಷ ಬೇಕು. ಧಾರಾವಾಹಿಯ ಚಂದ್ರನಾದರೋ ವಾರಕ್ಕೊಂದು ಗ್ರಹವನ್ನು ಹಾಯುತ್ತದೆ.

ಈ ಲೆಕ್ಕಕ್ಕೆ ಉತ್ತರವಿಲ್ಲ. ಉತ್ತರ ಕೊಡಲು ಹೊರಡುವುದೂ ವ್ಯರ್ಥ. ವಿಜ್ಞಾನವನ್ನು ಕಥೆಯ ಆಧಾರವೆಂದು ಘೋಷಿಸಿಕೊಂಡ ಕೃತಿ ಅದೇ ಅಳತೆಗೋಲಿಗೆ ತಲೆಬಾಗಬೇಕು ಎಂಬುದು ನ್ಯಾಯ. ಆದರೆ ಲೆಕ್ಕ ತಪ್ಪಿದ ಕಡೆಗಳಲ್ಲೆಲ್ಲ ಭಾವವೂ ತಪ್ಪಿರಬೇಕೆಂದಿಲ್ಲ. ಧಾರಾವಾಹಿ ದೂರವನ್ನು ತಪ್ಪಾಗಿ ಎಣಿಸುತ್ತದೆ. ದೂರವೆಂದರೆ ಏನೆಂಬುದನ್ನು ಮಾತ್ರ ಅದು ತನ್ನ ಕಾಲದ ಬೇರೆ ಧಾರಾವಾಹಿಗಳಿಗಿಂತ ಚೆನ್ನಾಗಿ ಬಲ್ಲದು. ‘ಸ್ಟಾರ್ ಟ್ರೆಕ್’ನ ನಾವಿಕರು ತಾವು ಬಯಸಿದೆಡೆಗೆ ಹೋಗುತ್ತಾರೆ, ಅವರ ಹಿಂದೆ ಒಂದು ಒಕ್ಕೂಟವಿದೆ, ಧ್ಯೇಯವಿದೆ. ಆಲ್ಫಾದ ಜನಕ್ಕೆ ಅವು ಯಾವುವೂ ಇಲ್ಲ. ಅವರು ಅನ್ವೇಷಕರಲ್ಲ, ನಿರ್ವಸಿತರು. ಕಥೆಯ ಲೆಕ್ಕ ಇಲ್ಲಿಂದ ಪ್ರಾರಂಭವಾಗುತ್ತದೆ.

4. ಮೊದಲ ವರ್ಷ: ಅರಿಯದಿರುವುದರ ಗೌರವ

ಮೊದಲ ಕಂತು ‘ಬ್ರೇಕ್‌ಅವೇ’ಯನ್ನು ಕೇವಲ ಸ್ಫೋಟದ ಕಥೆಯೆಂದು ನೆನೆಯುವುದು ವಾಡಿಕೆ. ಮರಳಿ ನೋಡಿದಾಗ ಅದು ಮುಖ್ಯವಾಗಿ ಮುಚ್ಚಿಡುವಿಕೆಯ ಕಥೆಯೆಂಬುದು ಸ್ಪಷ್ಟವಾಗುತ್ತದೆ. ನೆಲೆಯಲ್ಲಿ ಗಗನಯಾತ್ರಿಗಳು ಒಬ್ಬರ ನಂತರ ಒಬ್ಬರು ಮಿದುಳಿನ ಹಾನಿಯಿಂದ ಸಾಯುತ್ತಿದ್ದಾರೆ. ಅಧಿಕಾರಿವರ್ಗ ಅದನ್ನು ಸಾಂಕ್ರಾಮಿಕ ಸೋಂಕೆಂದು ಕರೆಯುತ್ತದೆ. ಏಕೆಂದರೆ ಕಮಿಷನರ್ ಸಿಮಂಡ್ಸ್‌ಗೆ ‘ಮೀಟಾ’ ಗ್ರಹದ ಯಾನ ನಿಗದಿತ ದಿನ ನಡೆಯಲೇಬೇಕಾಗಿದೆ. ವೈದ್ಯೆ ರಸೆಲ್ ತನ್ನ ಸಂಶಯವನ್ನು ಬಿಡುವುದಿಲ್ಲ. ಕಾರಣ ತ್ಯಾಜ್ಯದ ರಾಶಿಯಲ್ಲಿದೆ ಎಂಬುದು ತಡವಾಗಿ ತಿಳಿಯುತ್ತದೆ. ಚಂದ್ರ ಕಕ್ಷೆ ತಪ್ಪುವ ಮೊದಲೇ ಆಡಳಿತ ತನ್ನ ಕಕ್ಷೆ ತಪ್ಪಿದೆ ಎಂಬ ಈ ಸೂಚನೆ ಧಾರಾವಾಹಿಯ ಅತ್ಯಂತ ಗಟ್ಟಿಯಾದ ಸಾಮಾಜಿಕ ನಿರೀಕ್ಷಣೆ.

ಸಿಮಂಡ್ಸ್‌ನ ಕಥೆ ‘ಅರ್ಥ್‌ಬೌಂಡ್’ ಎಂಬ ಕಂತಿನಲ್ಲಿ ಮುಗಿಯುತ್ತದೆ. ಭೂಮಿಯತ್ತ ಹೊರಟ ಅನ್ಯಗ್ರಹದ ನೌಕೆಯಲ್ಲಿ ಒಬ್ಬರಿಗೆ ಮಾತ್ರ ಸ್ಥಳವಿದೆ. ಪ್ರಯಾಣಿಕರು ದಶಕಗಳ ಕಾಲ ಕೃತಕ ನಿದ್ರೆಯಲ್ಲಿರಬೇಕು. ಯಾರು ಹೋಗಬೇಕೆಂಬ ನಿರ್ಣಯಕ್ಕೆ ಕಾಯದೆ ಸಿಮಂಡ್ಸ್ ನೆಲೆಯ ಪ್ರಾಣವನ್ನೇ ಒತ್ತೆಯಿಟ್ಟು ಆ ಸ್ಥಳವನ್ನು ಕಿತ್ತುಕೊಳ್ಳುತ್ತಾನೆ. ನಿದ್ರೆಯ ಯಂತ್ರವನ್ನು ಪ್ರತಿಯೊಬ್ಬರ ದೇಹಕ್ಕೂ ಬೇರೆಯಾಗಿ ಹೊಂದಿಸಬೇಕೆಂಬುದನ್ನು ಅವನು ಕೇಳಿಸಿಕೊಂಡೇ ಇಲ್ಲ. ಯಾನ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಎಚ್ಚರಗೊಂಡ ಅವನು, ಮುಚ್ಚಿದ ಪೆಟ್ಟಿಗೆಯಲ್ಲಿ ಕೂಗುತ್ತಿರುವಾಗ ಕಂತು ಕೊನೆಗೊಳ್ಳುತ್ತದೆ. ಅಧಿಕಾರದ ಆತುರಕ್ಕೆ ದೊರೆತ ಈ ಶಿಕ್ಷೆಯನ್ನು ಯಾರೂ ವಿಧಿಸಿದ್ದಲ್ಲ. ಕೇಳದಿರುವ ಅವನ ಸ್ವಭಾವವೇ ತಂದುಕೊಂಡದ್ದು. ಆದ್ದರಿಂದಲೇ ಅದು ನೀತಿಪಾಠದ ಮಟ್ಟವನ್ನು ಮೀರುತ್ತದೆ.

ಇದಕ್ಕೆ ಪ್ರತಿಯಾಗಿ ‘ಬ್ಲ್ಯಾಕ್ ಸನ್’ ಕಂತಿನಲ್ಲಿ ಅರಿವಿನ ಮಿತಿಯನ್ನು ಒಪ್ಪಿಕೊಳ್ಳುವ ಇನ್ನೊಂದು ಮಾದರಿಯಿದೆ. ಚಂದ್ರ ಕಪ್ಪುಕುಳಿಯೊಂದರತ್ತ ಬೀಳುತ್ತಿದೆ. ಬರ್ಗ್‌ಮನ್ ರಕ್ಷಾಕವಚವನ್ನು ರೂಪಿಸುತ್ತಾನಾದರೂ ಅದರಲ್ಲಿ ಅವನಿಗೇ ಪೂರ್ಣ ನಂಬಿಕೆಯಿಲ್ಲ. ಆರು ಮಂದಿಯನ್ನು ಆರಿಸಿ ಒಂದು ನೌಕೆಯಲ್ಲಿ ಕಳಿಸಲಾಗುತ್ತದೆ. ಉಳಿದವರು ಕಾಯುತ್ತಾರೆ. ನೆಲೆ ತಣ್ಣಗಾಗುತ್ತಿರುವಾಗ ಕೋನಿಗ್ ಮತ್ತು ಬರ್ಗ್‌ಮನ್ ಹಳೆಯ ಬ್ರಾಂದಿಯ ಬಟ್ಟಲು ಹಿಡಿದು ಮಾತನಾಡುವ ದೃಶ್ಯ ಇಡೀ ಧಾರಾವಾಹಿಯ ಹೃದಯವೆನ್ನಬಹುದು. ಇಲ್ಲಿಯವರೆಗೆ ತಾವು ಉಳಿದುಬಂದದ್ದು ಕೇವಲ ತಮ್ಮ ಸಾಮರ್ಥ್ಯದಿಂದಲೇ ಎಂಬ ಪ್ರಶ್ನೆ ಅಲ್ಲಿ ಎದ್ದು, ಉತ್ತರವಿಲ್ಲದೆ ಉಳಿಯುತ್ತದೆ. ಸಾಹಸಪ್ರಧಾನ ಧಾರಾವಾಹಿಯೊಂದು ಸಾಹಸವನ್ನು ನಿಲ್ಲಿಸಿ ಇಬ್ಬರು ಮಧ್ಯವಯಸ್ಕರ ಮಾತಿಗೆ ಸಮಯ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಚಾರ್ಲ್ಸ್ ಕ್ರೈಟನ್ ನಿರ್ದೇಶಿಸಿದ ‘ಡ್ರ್ಯಾಗನ್ಸ್ ಡೊಮೇನ್’ ಇದೇ ಸಮಸ್ಯೆಯನ್ನು ಭಯಾನಕ ರಸದಲ್ಲಿ ಎದುರಿಸುತ್ತದೆ. ಹಿಂದಿನ ಯಾನವೊಂದರಲ್ಲಿ ಸಹಚರರನ್ನು ಪ್ರಾಣಿಯೊಂದು ನುಂಗಿತೆಂದು ಹೇಳಿದ ಟೋನಿ ಚೆಲ್ಲೀನಿಯನ್ನು ಭೂಮಿಯಲ್ಲಿ ಯಾರೂ ನಂಬಿರಲಿಲ್ಲ, ಏಕೆಂದರೆ ಯಂತ್ರಗಳು ಆ ಪ್ರಾಣಿಯ ಇರವನ್ನು ದಾಖಲಿಸಿರಲಿಲ್ಲ. ವರ್ಷಗಳ ನಂತರ ಆ ಪ್ರಾಣಿ ಮತ್ತೆ ಎದುರಾದಾಗಲೂ ಯಂತ್ರಗಳು ಮೌನವಾಗಿಯೇ ಇರುತ್ತವೆ. ಉಪಕರಣ ಅಳೆಯಲಾರದ್ದು ಇಲ್ಲವೆಂದು ತೀರ್ಮಾನಿಸುವ ಆಡಳಿತಬುದ್ಧಿಯನ್ನು ಈ ಕಂತು ಪ್ರಶ್ನಿಸುತ್ತದೆ. ‘ಬ್ರೇಕ್‌ಅವೇ’ಯಲ್ಲಿ ಸಾವುಗಳ ಕಾರಣವನ್ನು ತಪ್ಪಾಗಿ ಹೆಸರಿಸಿದ ಬುದ್ಧಿಯೂ ಇದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಮೊದಲ ವರ್ಷದ ಎಲ್ಲ ಕಂತುಗಳೂ ಈ ಮಟ್ಟದಲ್ಲಿಲ್ಲ. ‘ರಿಂಗ್ ಅರೌಂಡ್ ದಿ ಮೂನ್’ನಂತಹ ಕಂತುಗಳಲ್ಲಿ ನಿಗೂಢತೆ ಕೇವಲ ಅಸ್ಪಷ್ಟತೆಯಾಗುತ್ತದೆ. ಪಾತ್ರಗಳು ಅನೇಕ ವೇಳೆ ಒಂದೇ ಧ್ವನಿಯಲ್ಲಿ ಮಾತನಾಡುತ್ತವೆ, ಹಾಸ್ಯ ಅಪರೂಪ, ಅಭಿನಯದ ಸಂಯಮ ಕೆಲವೊಮ್ಮೆ ನಿರ್ಜೀವತೆಗೆ ತಿರುಗುತ್ತದೆ. ಅರಿಯದಿರುವುದನ್ನು ಗೌರವಿಸುವುದಕ್ಕೂ ಲೇಖಕನೇ ಅರಿಯದೆ ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಈ ಸೋಲುಗಳು ತೋರಿಸಿಕೊಡುತ್ತವೆ.

5. ಡೇರಿಯನ್ನರ ನೌಕೆ

ಜಾನಿ ಬರ್ನ್ ಬರೆದ ‘ಮಿಷನ್ ಆಫ್ ದಿ ಡೇರಿಯನ್ಸ್’ ಪ್ರತ್ಯೇಕ ಚರ್ಚೆಗೆ ಅರ್ಹವಾದುದು. ಒಂಬೈನೂರು ವರ್ಷಗಳ ಹಿಂದೆ ದುರಂತಕ್ಕೀಡಾದ ಬೃಹತ್ ನೌಕೆಯೊಂದರಲ್ಲಿ ಎರಡು ವರ್ಗಗಳು ಉಳಿದಿವೆ. ಮೇಲಿನವರು ನಯನಾಜೂಕಿನ, ವಿದ್ಯಾವಂತ ಜನ. ಕೆಳಗಿನವರು ಭಾಷೆ, ನೆನಪು ಎರಡನ್ನೂ ಬಹುಪಾಲು ಕಳೆದುಕೊಂಡು ಒಂದು ವಿಗ್ರಹವನ್ನು ಪೂಜಿಸುವವರು. ಮೇಲಿನವರ ದೀರ್ಘಾಯುಸ್ಸಿಗೆ ಕೆಳಗಿನವರ ಅಂಗಾಂಗಗಳೇ ಆಧಾರ. ಅವರ ಆಹಾರವೂ ಸತ್ತವರ ದೇಹಗಳಿಂದ ತಯಾರಾದುದು. ತಮ್ಮ ಜನಾಂಗದ ಶುದ್ಧ ಬೀಜವನ್ನು ಹೊಸ ಗ್ರಹಕ್ಕೆ ಮುಟ್ಟಿಸುವ ಹೊಣೆಯನ್ನು ಮುಂದೊಡ್ಡಿ ಮೇಲಿನವರು ಇದನ್ನು ಸಮರ್ಥಿಸಿಕೊಳ್ಳುತ್ತಾರೆ.

ಈ ಕಂತಿನ ಶಕ್ತಿಯಿರುವುದು ಕ್ರೌರ್ಯದ ಚಿತ್ರಣದಲ್ಲಲ್ಲ. ಆ ಕ್ರೌರ್ಯಕ್ಕೆ ದೊರಕಿಸಿದ ಸೌಜನ್ಯದ ಭಾಷೆಯಲ್ಲಿ. ಮೇಲಿನವರು ಅತಿಥಿಗಳನ್ನು ಆದರದಿಂದ ಸತ್ಕರಿಸುತ್ತಾರೆ, ವಿಷಾದದಿಂದ ಮಾತನಾಡುತ್ತಾರೆ, ಅನಿವಾರ್ಯತೆಯನ್ನು ವಿವರಿಸುತ್ತಾರೆ. ಶುದ್ಧಿಯ ಹೆಸರಿನಲ್ಲಿ ನಡೆಯುವ ಶ್ರೇಣೀಕರಣದ ತರ್ಕವನ್ನು ಬಲ್ಲ ಯಾವ ಸಮಾಜದ ಪ್ರೇಕ್ಷಕನಿಗೂ ಈ ಭಾಷೆ ಅಪರಿಚಿತವಲ್ಲ. ಕೋನಿಗ್ ಕೊನೆಗೆ ಎರಡೂ ವರ್ಗಗಳು ಒಟ್ಟಿಗೆ ಬದುಕಬೇಕೆಂದು ಹೇಳುತ್ತಾನೆ. ಆ ಪರಿಹಾರ ಅವಸರದ್ದು. ಆದರೆ ಸಮಸ್ಯೆಯನ್ನು ಮಂಡಿಸಿದ ರೀತಿ ಅವಸರದ್ದಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಸಂಪನ್ಮೂಲ ಕುಗ್ಗಿದಾಗ ಯಾರು ಯಾರನ್ನು ತಿಂದು ಬದುಕುತ್ತಾರೆ ಎಂಬುದು ಆಲ್ಫಾ ನೆಲೆಗೂ ಅನ್ವಯಿಸುವ ಪ್ರಶ್ನೆಯಾದ್ದರಿಂದ ನೋಡುವವರಿಗೂ ನೋಡಲ್ಪಡುವವರಿಗೂ ಅಂತರ ಉಳಿಯುವುದಿಲ್ಲ.

6. ಆರ್ಕೇಡಿಯಾದ ಸಂಸ್ಕೃತ

ಮೊದಲ ವರ್ಷದ ಕೊನೆಯ ಕಂತು ‘ದಿ ಟೆಸ್ಟಮೆಂಟ್ ಆಫ್ ಆರ್ಕೇಡಿಯಾ’ ಭಾರತೀಯ ಓದುಗರಿಗೆ ವಿಶೇಷ ಕುತೂಹಲದ್ದು. ಚಲಿಸುತ್ತಿದ್ದ ಚಂದ್ರ ಆರ್ಕೇಡಿಯಾ ಎಂಬ ನಿರ್ಜೀವ ಗ್ರಹದ ಬಳಿ ಕಾರಣವಿಲ್ಲದೆ ನಿಲ್ಲುತ್ತದೆ. ಗ್ರಹದ ಗುಹೆಯೊಂದರಲ್ಲಿ ಮಾನವ ಅಸ್ಥಿಪಂಜರಗಳೂ ಒಂದು ಶಾಸನವೂ ದೊರೆಯುತ್ತವೆ. ಶಾಸನದ ಭಾಷೆ ಸಂಸ್ಕೃತ. ತಮ್ಮ ಲೋಕವನ್ನು ತಾವೇ ನಾಶಮಾಡಿಕೊಂಡ ಆರ್ಕೇಡಿಯನ್ನರಲ್ಲಿ ಕೆಲವರು ಜೀವಬೀಜಗಳೊಂದಿಗೆ ಹೊರಟುಹೋದರು, ಭೂಮಿಯ ಮನುಕುಲ ಅವರ ಸಂತತಿ ಎಂಬುದು ಅದರ ತಾತ್ಪರ್ಯ. ಆ ಸಂದೇಶದಿಂದ ಪ್ರೇರಿತರಾದ ಲ್ಯೂಕ್ ಮತ್ತು ಆ್ಯನಾ ಎಂಬಿಬ್ಬರು ನೆಲೆಯ ಆಹಾರ ಸಾಮಗ್ರಿಯನ್ನು ಬಲವಂತವಾಗಿ ಒಯ್ದು ಅಲ್ಲೇ ನೆಲೆಸುತ್ತಾರೆ. ಅನಂತರವೇ ಚಂದ್ರ ಮತ್ತೆ ಚಲಿಸುತ್ತದೆ.

ಭಾಷಾಶಾಸ್ತ್ರದ ದೃಷ್ಟಿಯಿಂದ ಈ ಕಲ್ಪನೆ ನಿಲ್ಲುವುದಿಲ್ಲ. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಯಾವುದೋ ಸಮಾನ ಮೂಲದಿಂದ ಬಂದ ಸೋದರಿಗಳೆಂದು ವಿಲಿಯಂ ಜೋನ್ಸ್ 1786ರಲ್ಲಿಯೇ ಸೂಚಿಸಿದ್ದರು. ಅಂದರೆ ಅವುಗಳಲ್ಲಿ ಯಾವುದೂ ಉಳಿದವುಗಳ ತಾಯಿಯಲ್ಲ. ದಕ್ಷಿಣದ ಭಾಷೆಗಳು ಆ ಕುಟುಂಬಕ್ಕೆ ಸೇರಿದವಲ್ಲವೆಂಬುದನ್ನು 1816ರಲ್ಲಿ ಎಲ್ಲಿಸ್ ಪ್ರತಿಪಾದಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಅದನ್ನು ಸ್ಥಿರಪಡಿಸಿತು. ಆರ್ಕೇಡಿಯಾದ ಸಿದ್ಧಾಂತವನ್ನು ಒಪ್ಪಿದರೆ ಕನ್ನಡ, ತಮಿಳು ಮೊದಲಾದ ಭಾಷೆಗಳನ್ನಾಡುವವರು ಎಲ್ಲಿಂದ ಬಂದರೆಂಬುದಕ್ಕೆ ಇನ್ನೊಂದು ಗ್ರಹವನ್ನೇ ಹುಡುಕಬೇಕಾದೀತು. ಶಾಸನಶಾಸ್ತ್ರದ ಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿಲ್ಲ. ಸಂಸ್ಕೃತದ ಮೊದಲ ದೀರ್ಘ ಶಾಸನವೆನಿಸಿದ ಜುನಾಗಢದ ರುದ್ರದಾಮನ ಶಾಸನ ಕ್ರಿ.ಶ. 150ರ ಸುಮಾರಿನದು, ಅದಕ್ಕೂ ನಾಲ್ಕು ಶತಮಾನ ಮೊದಲು ಅಶೋಕನ ಶಾಸನಗಳು ಪ್ರಾಕೃತದಲ್ಲಿವೆ. ಪ್ರಾಚೀನತಮ ಭಾಷೆಯೆಂಬ ಭಾವನೆ ಬೇರೆ, ಬರಹದ ಚರಿತ್ರೆ ಬೇರೆ.

ಆದರೂ ಈ ಆಯ್ಕೆ ಆಕಸ್ಮಿಕವಲ್ಲ. ಅನ್ಯಗ್ರಹದ ದೇವತೆಗಳನ್ನು ಕುರಿತ ಎರಿಕ್ ಫಾನ್ ಡೆನಿಕನ್‌ರ ಪುಸ್ತಕ 1968ರಲ್ಲಿ ಪ್ರಕಟವಾಗಿ ಯುರೋಪಿನಾದ್ಯಂತ ಚರ್ಚೆಯಲ್ಲಿತ್ತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ರಮ್ಯ ಕಲ್ಪನೆಯಲ್ಲಿ ಪೂರ್ವದೇಶ ಎಂದರೆ ಎಲ್ಲದರ ಮೂಲ ಎಂಬ ಭಾವ ಬೇರೂರಿತ್ತು. ಸಾಮ್ರಾಜ್ಯ ಕಳೆದುಕೊಂಡ ಬ್ರಿಟನ್ ತನ್ನ ಭವಿಷ್ಯದ ಕಥೆಯೊಂದಕ್ಕೆ ಮೂಲವನ್ನು ಅರಸಿದಾಗ ಹಳೆಯ ವಸಾಹತಿನ ಶಾಸ್ತ್ರೀಯ ಭಾಷೆಯೇ ಕೈಗೆ ಸಿಕ್ಕಿತು. ಸಂಸ್ಕೃತವನ್ನು ಹೀಗೆ ಆಕಾಶಕ್ಕೇರಿಸುವುದು ಮೇಲುನೋಟಕ್ಕೆ ಗೌರವದಂತೆ ಕಂಡರೂ ಅದು ಆ ಭಾಷೆಯನ್ನು ಆಡಿದ, ಬರೆದ, ಚರ್ಚಿಸಿದ ಜನರ ಚರಿತ್ರೆಯಿಂದ ಬೇರ್ಪಡಿಸುವ ಕ್ರಿಯೆ. ಧಾರಾವಾಹಿಯ ಇತರ ಕಂತುಗಳು ಅರಿಯದುದನ್ನು ಅರಿಯದುದಾಗಿಯೇ ಉಳಿಸಿದರೆ, ಇಲ್ಲಿ ಅರಿತುದನ್ನೂ ನಿಗೂಢವಾಗಿಸಲಾಗಿದೆ. ಮೊದಲ ವರ್ಷದ ವಿಧಾನದ ಅಪಾಯ ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

7. ಎರಡನೆಯ ವರ್ಷ: ಉತ್ತರಗಳ ಆಗಮನ

ಅಮೆರಿಕದ ಪ್ರಮುಖ ಪ್ರಸಾರ ಜಾಲಗಳು ಧಾರಾವಾಹಿಯನ್ನು ಕೊಳ್ಳಲಿಲ್ಲ. ಅದನ್ನು ಬಿಡಿ ನಿಲಯಗಳಿಗೆ ಮಾರಬೇಕಾಯಿತು. ಎರಡನೆಯ ವರ್ಷದ ಹೊತ್ತಿಗೆ ಅಮೆರಿಕದ ಮಾರುಕಟ್ಟೆಗೆ ಒಗ್ಗುವಂತೆ ಅದನ್ನು ಬದಲಿಸುವ ಒತ್ತಡ ಹೆಚ್ಚಿತು. ಸಿಲ್ವಿಯಾ ಆಂಡರ್ಸನ್ ಹೊರನಡೆದರು. ‘ಸ್ಟಾರ್ ಟ್ರೆಕ್’ನ ಮೂರನೆಯ ವರ್ಷವನ್ನು ನಿರ್ಮಿಸಿದ್ದ ಫ್ರೆಡ್ ಫ್ರೈಬರ್ಗರ್ ನಿರ್ಮಾಪಕರಾಗಿ ಬಂದರು. 1976ರಲ್ಲಿ ಚಿತ್ರೀಕರಣಗೊಂಡ ಕಂತುಗಳಲ್ಲಿ ಬದಲಾವಣೆ ಮೊದಲ ನೋಟಕ್ಕೇ ಕಾಣುತ್ತದೆ. ಎತ್ತರದ ಕಿಟಕಿಗಳ ಮುಖ್ಯ ನಿಯಂತ್ರಣಶಾಲೆಯ ಬದಲು ಇಕ್ಕಟ್ಟಾದ ಕೋಣೆ ಬಂದಿತು. ಬ್ಯಾರಿ ಗ್ರೇ ಅವರ ಸ್ಥಾನದಲ್ಲಿ ಡೆರೆಕ್ ವಾಡ್ಸ್‌ವರ್ತ್ ಅವರ ಲವಲವಿಕೆಯ ಸಂಗೀತ ಬಂದಿತು. ಬರ್ಗ್‌ಮನ್ ಪಾತ್ರ ಕಥೆಯೊಳಗೆ ಒಂದು ಮಾತಿನ ವಿವರಣೆಯೂ ಇಲ್ಲದೆ ಕಣ್ಮರೆಯಾಯಿತು.

ಕಿಟಕಿಗಳು ಹೋದದ್ದನ್ನು ಕೇವಲ ರಂಗಸಜ್ಜಿಕೆಯ ಬದಲಾವಣೆಯೆಂದು ಎಣಿಸಲಾಗದು. ಮೊದಲ ವರ್ಷದಲ್ಲಿ ಪಾತ್ರಗಳು ಹೊರಗಿನ ಕತ್ತಲೆಯನ್ನು ನೋಡುತ್ತ ನಿಲ್ಲುತ್ತಿದ್ದವು. ಎರಡನೆಯ ವರ್ಷದಲ್ಲಿ ಅವು ಪರದೆಗಳನ್ನು ನೋಡುತ್ತವೆ. ಪ್ರತಿ ವಾರದ ಅಪಾಯಕ್ಕೆ ಒಂದು ಹೆಸರು, ಒಂದು ಮುಖ, ಒಂದು ಪರಿಹಾರ ದೊರೆಯುತ್ತದೆ. ಫ್ರೈಬರ್ಗರ್ ಚಾರ್ಲ್ಸ್ ವುಡ್‌ಗ್ರೋವ್ ಎಂಬ ಹೆಸರಿನಲ್ಲಿ ಬರೆದ ‘ದಿ ರೂಲ್ಸ್ ಆಫ್ ಲ್ಯೂಟನ್’ನಲ್ಲಿ ಹೂವು ಹಣ್ಣು ಕಿತ್ತ ಅಪರಾಧಕ್ಕಾಗಿ ಮರಗಳು ಕೋನಿಗ್‌ನನ್ನು ವಿಚಾರಣೆಗೆ ಒಡ್ಡುತ್ತವೆ. ಸಸ್ಯಲೋಕದ ದೃಷ್ಟಿಯಿಂದ ಮನುಷ್ಯನನ್ನು ಕಾಣುವ ಆ ಕಲ್ಪನೆಗೆ ಬೆಲೆಯಿದೆ. ಆದರೆ ಅದು ಬೇಗನೆ ವೇಷಧಾರಿ ಎದುರಾಳಿಗಳೊಂದಿಗಿನ ಕಾಳಗವಾಗಿ, 1967ರ ‘ಸ್ಟಾರ್ ಟ್ರೆಕ್’ ಕಂತು ‘ಅರೀನಾ’ವನ್ನು ನೆನಪಿಸುವ ಸಿದ್ಧ ಜಾಡಿಗೆ ಬೀಳುತ್ತದೆ.

ಹಾಗೆಂದು ಎರಡನೆಯ ವರ್ಷವನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ. ಕ್ಯಾಥರೀನ್ ಶೆಲ್ ಅಭಿನಯಿಸಿದ ಮಾಯಾ ಎಂಬ ರೂಪಾಂತರಿಣಿಯ ಪಾತ್ರ ಅದರ ನಿಜವಾದ ಕೊಡುಗೆ. ‘ದಿ ಮೆಟಮಾರ್ಫ್’ ಕಂತಿನಲ್ಲಿ ಅವಳ ತಂದೆ ಮೆಂಟರ್, ಸಾಯುತ್ತಿರುವ ತನ್ನ ಗ್ರಹವನ್ನು ಉಳಿಸಲು ಪರಕೀಯರ ಮನಸ್ಸುಗಳನ್ನು ಹಿಂಡಿ ಯಂತ್ರಕ್ಕೆ ಉಣಿಸುತ್ತಿರುತ್ತಾನೆ. ಮಗಳಿಗೆ ಅದು ತಿಳಿಯದು. ತಿಳಿದ ದಿನವೇ ಅವಳು ತಂದೆಯನ್ನೂ ಲೋಕವನ್ನೂ ಕಳೆದುಕೊಳ್ಳುತ್ತಾಳೆ. ಮೂಲಕಥೆ ಬರೆದವರು ಮತ್ತೆ ಜಾನಿ ಬರ್ನ್. ಡೇರಿಯನ್ನರ ಪ್ರಶ್ನೆ ಇಲ್ಲಿ ಮಗಳೊಬ್ಬಳ ದುಃಖವಾಗಿ ಮರಳಿದೆ. ಮನುಷ್ಯರ ನಡುವೆ ಬದುಕುವ ಈ ನಿರ್ವಸಿತೆಯಿಂದಾಗಿ ಆಲ್ಫಾದವರು ಮೊದಲ ಬಾರಿಗೆ ಆಶ್ರಯ ಬೇಡುವವರಾಗಿರದೆ ಆಶ್ರಯ ಕೊಡುವವರಾಗುತ್ತಾರೆ. ಮೊದಲ ವರ್ಷದಲ್ಲಿ ಇಲ್ಲದಿದ್ದ ನಗು, ಸಲಿಗೆಗಳು ಸಹ ಅವಳ ಮೂಲಕ ಒಳಬಂದವು. ಅವಳು ಪ್ರಾಣಿಗಳ ರೂಪ ತಳೆಯುವುದನ್ನು ಬಹುತೇಕ ಕಂತುಗಳು ಕೇವಲ ಬಿಕ್ಕಟ್ಟು ಬಿಡಿಸುವ ಉಪಾಯವಾಗಿ ಬಳಸಿಕೊಂಡದ್ದು ಪಾತ್ರದ ದೋಷವಲ್ಲ.

8. ತ್ಯಾಜ್ಯದ ಮರುಪ್ರವೇಶ

ಧಾರಾವಾಹಿ ತನ್ನ ಮೂಲಕಾರಣವಾದ ಪರಮಾಣು ತ್ಯಾಜ್ಯವನ್ನು ಮೊದಲ ಕಂತಿನ ನಂತರ ಬಹುಮಟ್ಟಿಗೆ ಮರೆತಂತೆ ಕಾಣುತ್ತದೆ. ಅದು ಪುನಃ ಮುಖ್ಯವಾಗಿ ಬರುವುದು, ಸಾಮಾನ್ಯವಾಗಿ ಕೀಳಂದಾಜು ಮಾಡಲಾಗುವ ಎರಡನೆಯ ವರ್ಷದಲ್ಲಿ ಎಂಬುದು ವಿಶೇಷ. ಎರಡು ಭಾಗಗಳ ‘ದಿ ಬ್ರಿಂಗರ್ಸ್ ಆಫ್ ವಂಡರ್’ನಲ್ಲಿ ಭೂಮಿಯಿಂದ ಬಂಧುಮಿತ್ರರು ನೌಕೆಯೊಂದರಲ್ಲಿ ಬಂದಿಳಿದಂತೆ ನೆಲೆಯವರೆಲ್ಲರಿಗೂ ಕಾಣುತ್ತದೆ. ಬೇರೆ ಕಾರಣಕ್ಕೆ ಮಿದುಳಿನ ಚಿಕಿತ್ಸೆ ಪಡೆಯುತ್ತಿದ್ದ ಕೋನಿಗ್‌ಗೆ ಮಾತ್ರ ಅವರು ವಿಕಾರ ಜೀವಿಗಳಾಗಿ ಕಾಣುತ್ತಾರೆ. ವಿಕಿರಣವೇ ಆಹಾರವಾದ ಆ ಜೀವಿಗಳಿಗೆ ಚಂದ್ರನಲ್ಲಿ ಉಳಿದಿರುವ ತ್ಯಾಜ್ಯದ ರಾಶಿ ಬೇಕಾಗಿದೆ. ಮನೆಗೆ ಮರಳುತ್ತಿದ್ದೇವೆಂಬ ಸುಖದ ಭ್ರಮೆಯಲ್ಲಿಯೇ ಆಲ್ಫಾದ ಕೆಲವರು ಆ ರಾಶಿಯನ್ನು ಸಿಡಿಸಲು ಹೊರಡುತ್ತಾರೆ.

ಜೀವಿಗಳ ವೇಷಭೂಷಣ ಕಳಪೆಯಾಗಿದೆ, ಎರಡು ಭಾಗಗಳಿಗೆ ಎಳೆದ ಕಥೆ ಸಡಿಲವಾಗಿದೆ. ಆದರೂ ಇದರ ಒಳಗಿನ ರೂಪಕ ‘ಬ್ರೇಕ್‌ಅವೇ’ಯದಕ್ಕಿಂತ ಹರಿತವಾದುದು. ಅಲ್ಲಿ ಮೇಲಧಿಕಾರಿಗಳು ಜನರಿಂದ ಸತ್ಯವನ್ನು ಮುಚ್ಚಿಟ್ಟಿದ್ದರು. ಇಲ್ಲಿ ಜನರೇ ತಮಗೆ ಹಿತವಾದುದನ್ನು ಕಾಣಲು ಒಪ್ಪಿ ಅಪಾಯವನ್ನು ಕಾಣದಾಗಿದ್ದಾರೆ. ಪ್ಲುಟೋನಿಯಂ 239ರ ಅರ್ಧಾಯು ಸುಮಾರು 24,100 ವರ್ಷಗಳು. ಇಷ್ಟು ದೀರ್ಘಕಾಲ ಕಾಯಬೇಕಾದ ವಸ್ತುವನ್ನು ಕಣ್ಣಿಗೆ ಕಾಣದೆಡೆ ಇಟ್ಟರೆ ಸಾಕೆಂಬ ಭಾವನೆ ಎಂತಹ ಭ್ರಮೆಯೆಂಬುದನ್ನು ಧಾರಾವಾಹಿಯ ಆದಿ ಮತ್ತು ಅಂತ್ಯಭಾಗಗಳೆರಡೂ ಸೇರಿ ಹೇಳುತ್ತವೆ. ಭೌತವಿಜ್ಞಾನದ ಲೆಕ್ಕದಲ್ಲಿ ಸೋತ ಕೃತಿ, ವಿಜ್ಞಾನದ ಬಳಕೆಯ ಹೊಣೆಗಾರಿಕೆಯ ಲೆಕ್ಕದಲ್ಲಿ ಸೋತಿಲ್ಲ.

9. ಸಮಾರೋಪ

‘ಸ್ಪೇಸ್: 1999’ಕ್ಕೆ ಮುಕ್ತಾಯವಿಲ್ಲ. ‘ದಿ ಡಾರ್ಕನ್ಸ್’ ಎಂಬ ಕಂತಿನೊಂದಿಗೆ ಅದು ಮತ್ತೊಂದು ಸಾಹಸದಲ್ಲಿ ನಿಂತುಹೋಯಿತು. ಕಥೆಯ ದಿನಾಂಕವಾದ 1999ರ ಸೆಪ್ಟೆಂಬರ್ 13ರಂದು ಅಭಿಮಾನಿಗಳ ಸಮಾವೇಶವೊಂದರಲ್ಲಿ ಕೆಲವು ನಿಮಿಷಗಳ ಕಿರುಚಿತ್ರವೊಂದು ಪ್ರದರ್ಶಿತವಾಯಿತು. ಜಾನಿ ಬರ್ನ್ ಬರೆದ ಆ ಚಿತ್ರದಲ್ಲಿ, ಧಾರಾವಾಹಿಯಲ್ಲಿ ಸಾಂಡ್ರಾ ಬೆನೆಸ್ ಪಾತ್ರ ವಹಿಸಿದ್ದ ಜೀನಿಯಾ ಮರ್ಟನ್, ನೆಲೆಯವರು ಗ್ರಹವೊಂದಕ್ಕೆ ತೆರಳುತ್ತಿರುವ ಸುದ್ದಿಯನ್ನು ಭೂಮಿಗೆ ಕಳಿಸುತ್ತಾರೆ. ನಿರ್ಮಾಪಕ ಸಂಸ್ಥೆ ಕೊಡದ ಮುಕ್ತಾಯವನ್ನು ನೋಡುಗರೇ ಕಟ್ಟಿಕೊಂಡರು. ಅರೆಮರೆತ ಕೃತಿಗಳು ಹೀಗೆ ವಿಮರ್ಶೆಯ ಹೊರಗೆ, ನೆನಪಿಟ್ಟವರ ಶ್ರದ್ಧೆಯಲ್ಲಿ ಬದುಕುತ್ತವೆ.

ಒಟ್ಟಾರೆಯಾಗಿ ನೋಡಿದಾಗ ಈ ಧಾರಾವಾಹಿಯ ಏರುಪೇರು ಕೇವಲ ಗುಣದೋಷಗಳ ಬೆರಕೆಯಲ್ಲ. ಅರಿಯದುದರ ಎದುರು ಸುಮ್ಮನೆ ನಿಲ್ಲುವ ಧೈರ್ಯ ಮತ್ತು ಪ್ರತಿ ಪ್ರಶ್ನೆಗೂ ಉತ್ತರ ಕೊಡಬೇಕೆಂಬ ಮಾರುಕಟ್ಟೆಯ ಒತ್ತಾಯ ಇವೆರಡರ ನಡುವಿನ ಜಗ್ಗಾಟ ಅದರ ಕಂತುಗಳಲ್ಲಿ ದಾಖಲಾಗಿದೆ. ಮೊದಲನೆಯದು ಎಚ್ಚರ ತಪ್ಪಿದಾಗ ಆರ್ಕೇಡಿಯಾದ ಸುಳ್ಳು ಪುರಾಣವಾಗುತ್ತದೆ. ಎರಡನೆಯದು ಕೈಗೂಡಿದಾಗ ಮಾಯಾಳಂತಹ ಜೀವಂತ ಪಾತ್ರವನ್ನು ಕೊಡುತ್ತದೆ. ಆದ್ದರಿಂದ ಮೊದಲ ವರ್ಷ ಶ್ರೇಷ್ಠ, ಎರಡನೆಯದು ಕನಿಷ್ಠ ಎಂಬ ರೂಢಿಯ ವಿಭಜನೆಯನ್ನು ಕೈಬಿಟ್ಟು ಕಂತು ಕಂತನ್ನೂ ಅದರದರ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಉಚಿತ. ಸರಾಸರಿ ತೆಗೆಯುವ ವಿಮರ್ಶೆಗೆ ‘ಬ್ಲ್ಯಾಕ್ ಸನ್’ನ ಮಾತುಕತೆಯಾಗಲಿ, ಡೇರಿಯನ್ನರ ಸೌಜನ್ಯದ ಕ್ರೌರ್ಯವಾಗಲಿ ಕಾಣಿಸದು. ಪೂರ್ಣತೆಯನ್ನು ಸಾಧಿಸಿದ ಕೃತಿಗಳು ತಮ್ಮ ಕಾಲದ ಜಗ್ಗಾಟಗಳನ್ನು ಜೀರ್ಣಿಸಿಕೊಂಡಿರುತ್ತವೆ. ಏರುಪೇರಿನ ಕೃತಿಗಳಲ್ಲಿ ಆ ಜಗ್ಗಾಟಗಳು ಮೇಲ್ಮೈಯಲ್ಲೇ ಉಳಿದಿರುತ್ತವೆ. ಜನಪ್ರಿಯ ಮಾಧ್ಯಮದ ಚರಿತ್ರೆಯನ್ನು ಬರೆಯುವವರಿಗೆ, ಅದರ ಆಕರಗಳನ್ನು ಕಾಪಿಡುವ ಗ್ರಂಥಾಲಯಗಳಿಗೆ ಎರಡನೆಯ ಬಗೆಯವೇ ಕೆಲವೊಮ್ಮೆ ಹೆಚ್ಚು ಬೆಲೆಯುಳ್ಳ ಸಾಕ್ಷಿಗಳು.